ಗುಲಾಬಿ ಬಣ್ಣ ಬರುವ ತನಕ

ನಿಲ್ಸು! ಪಂಪ್ ನಿಲ್ಸು ಆರ್ಡಿಸ್, ಪಂಪು! ಬಾಗಿಲ ಪಕ್ಕದ ಸ್ವಿಚ್ಚು... ಅದಲ್ಲ ಮಾರಾಯ್ತಿ, ಅದು ದೀಪದ್ದು. ಅದರ ಕೆಳಗಿನ ಕೆಂಪು... ಹಾಂ. ಅಬ್ಬಬ್ಬಾ!

ಯಾಕೆ ನಗ್ತೀಯಾ? ಅಣ್ಣ ತೊಪ್ಪೆಯಾದ ಅಂತಲಾ? ನಗು, ನಗು. ನಿನ್ನ ಟ್ರೇಲರೊಳಗೆ ಹೊಳೆ ಹರೀತಿದೆ, ನಿನಗೆ ನಗು. ಆ ಟವೆಲ್ ಎಸಿ ಈ ಕಡೆ. ಕಾಲೆತ್ತಿ ಇಡು, ಚಾಪೆಯೆಲ್ಲ ನೆನೆದು ಹೋಗಿದೆ. ಎಪ್ರಿಲ್ ಬಂತು ಅಂತ ಹೆಸರಿಗೆ, ಈ ನೀರು ಮೂಳೆ ತನಕ ಇಳೀತಿದೆ.

ಟಾರ್ಚ್ ತಗೋ. ಸಿಂಕ್ ಕೆಳಗೆ ಬಿಡು ಬೆಳಕು. ಇನ್ನೂ ಸ್ವಲ್ಪ ಎಡಕ್ಕೆ... ಹಾಂ, ಅಲ್ಲೇ. ನಿನ್ನ ಹಾಗೆ ಟಾರ್ಚ್ ಹಿಡಿಯೋರು ಇಡೀ ಉತ್ತರ ಡಕೋಟಾದಲ್ಲಿ ಇಲ್ಲ ಕಣೇ. ಎಂಟು ವರ್ಷದವಳಿದ್ದಾಗಿಂದ ಹಿಡೀತಿದ್ದೀಯಾ. ಅಪ್ಪನ ನೆಲಮಾಳಿಗೆಯಲ್ಲಿ ನಾನು ಪೈಪು ಬಿಚ್ಚೋದು, ನೀನು ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು...

ನೋಡಿದ್ಯಾ? ಇಲ್ಲಿ ಒಡೆದಿದೆ. ಇಲ್ಲೂ. ಉದ್ದಕ್ಕೆ ಸೀಳು. ಶವರ್ ಹಿಂದೆನೂ ಹೋಗಿರುತ್ತೆ, ಶಬ್ದ ಕೇಳ್ತಲ್ಲ. ಬಿಸಿನೀರಿನ ಹಂಡೆ ಉಳಿದಿದೆ, ಅದೊಂದು ಪುಣ್ಯ. ಪೈಪು ಮಾತ್ರ... ಥೂ.

ಚಳಿ ಕಣೇ, ಇನ್ನೇನು! ಈ ಸಲ ಜನವರಿ ಹೇಗಿತ್ತು ಹೇಳು. ಸೊನ್ನೆಗಿಂತ ನಲವತ್ತು ಕೆಳಗೆ, ಒಂದಲ್ಲ, ಹತ್ತು ದಿನ. ನಿನ್ನ ಬಾಗಿಲ ಚಿಲಕಕ್ಕೆ ನನ್ನ ಕೈಗವಸು ಅಂಟಿಕೊಂಡು ಬರಲಿಲ್ವಾ? ಅಂಥ ಚಳಿಗೆ ಯಾವ ಪೈಪು ತಡೆದೀತು? ಅದೂ ಸೆಕೆಂಡ್ ಹ್ಯಾಂಡ್ ಗಾಡಿ. ಆಗಲೇ ಹೇಳಿದ್ದೆ, ತಗೋಬೇಡ ಅಂತ. ಒಬ್ಬಳೇ ಹೆಂಗಸು, ಅರವತ್ತಾರು ವರ್ಷ, ಇಪ್ಪತ್ತಡಿ ಮನೆಗಾಡಿ ಟ್ರಕ್ಕಿಗೆ ಸಿಗಿಸಿ ಎಳ್ಕೊಂಡು... ಹೇಳಿದ್ನೋ ಇಲ್ವೋ? ಇಲಿ ಕಡಿದಿದ್ರೂ ಕಡಿದಿರಬಹುದು.

ಏನು, ತಲೆ ಆಡಿಸ್ತೀಯಾ? ಇಲಿ ಕಡಿದ್ರೆ ಹೀಗೆ ಸೀಳಲ್ಲ... ಗೊತ್ತು. ಗೊತ್ತಮ್ಮ ನನಗೂ. ನಿನ್ನನ್ನ ಅಷ್ಟು ವರ್ಷ ಪಕ್ಕದಲ್ಲಿ ಕೂರಿಸ್ಕೊಂಡಿದ್ದೇ ತಪ್ಪಾಯ್ತು.

ಹಾಕಿದ್ದೆ! ಯಾಕೆ ಹಾಗೆ ನೋಡ್ತೀಯಾ? ನೀರು ಹೆಪ್ಪುಗಟ್ಟಿ ಪೈಪು ಒಡೀದ ಹಾಗೆ ಹಾಕೋ ಆ ಗುಲಾಬಿ ಔಷಧಿ ಹಾಕಿದ್ದೆ. ನಾನು ಹಾಕದೆ ಇರ್ತೀನಾ? ನಲವತ್ತು ವರ್ಷ ಈ ಊರಿನ ಸ್ಕೂಲಿನ ಬಾಯ್ಲರ್ ನೋಡಿಕೊಂಡವನು. ಪ್ರತಿ ಅಕ್ಟೋಬರ್ ಯಾರ ಮನೆ ಗಾಡಿ ಇರಲಿ, "ಲೊವೆಲ್‌ನ ಕರೀರಿ" ಅಂತಾರೆ. ಪಾದ್ರಿಗಳ ಗಾಡಿ ಮಾಡ್ಲಿಲ್ವಾ? ಕ್ಲಿಫರ್ಡನ ಬಸ್ಸು? ಮೊದಲು ನೀರೆಲ್ಲ ಖಾಲಿ ಮಾಡೋದು, ಆಮೇಲೆ ಪಂಪಿನ ಬಾಯಿ ಔಷಧಿ ಕ್ಯಾನಿಗೆ ಇಟ್ಟು, ಒಂದೊಂದೇ ನಲ್ಲಿ ತಿರುಗಿಸೋದು, ಗುಲಾಬಿ ಬಣ್ಣ ಬರೋ ತನಕ. ಬಿಸಿದು, ತಣ್ಣಂದು, ಶವರು, ಕಕ್ಕಸು. ಪೈಪೊಳಗೆ ನೀರಿನ ಬದಲು ಅದೇ ನಿಂತಿದ್ರೆ ಯಾವ ಚಳಿಯೂ ಏನೂ ಮಾಡಲ್ಲ. ಇವತ್ತಿನ ತನಕ ನಾನು ಕೈ ಇಟ್ಟ ಒಂದು ಪೈಪು ಒಡೆದಿಲ್ಲ. ಒಂದೂ...

ಹೂಂ. ಹೌದು. ಇದೇ ಮೊದಲು.

ನಂಬಿಕೆ ಇಲ್ವಾ? ಬಾ ಇಲ್ಲಿ. ಕಕ್ಕಸು ನೋಡು. ಯಾವ ಬಣ್ಣ? ಗುಲಾಬಿ. ಸಿಂಕಿನ ತೂತಿಗೆ ಟಾರ್ಚ್ ಬಿಡು, ಕೆಳಗೆ ಬಗ್ಗಿದ ಪೈಪಲ್ಲಿ ನಿಂತಿದೆಯಲ್ಲ, ಯಾವ ಬಣ್ಣ? ಅಷ್ಟೇ ಮತ್ತೆ. ನೀನೇನೂ ಅನ್ನಲಿಲ್ಲ, ಸರಿ, ನಾನೇ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು.

ನಲ್ಲೀಲಿ ಮೊದಲು ಬಂದ ನೀರಾ? ಅದು... ನಾನು ನೋಡ್ಲಿಲ್ಲಪ್ಪ. ಗುಲಾಬಿ ಅಲ್ಲ, ಬರೀ ನೀರೇ ಬಂತಾ? ನೀನು ಸರಿಯಾಗಿ ನೋಡಿರಲ್ಲ ಬಿಡು, ನೀರು ಮುಖಕ್ಕೇ ಹಾರ್ತಿತ್ತು.

ಎಲ್ಲಿಗೆ ಹೊರಟೆ? ಆರ್ಡಿಸ್! ಹೊರಗೆ ಕೆಸರಿದೆ, ಬೂಟು ಹಾಕ್ಕೊಂಡು ಹೋಗೇ. ಏನು ತೆಗೀತಿದ್ದೀಯಾ ಅಲ್ಲಿ? ಕೆಳಗಿನ ಪೆಟ್ಟಿಗೆಯಲ್ಲಿ ಏನೂ ಇಲ್ಲ, ಮಡಿಚೋ ಕುರ್ಚಿ ಅಷ್ಟೇ. ಕುರ್ಚಿ ಹಿಂದೆನೂ ಏನಿಲ್ಲ, ಬಿಡು ಅಂತೀನಿ. ಆರ್ಡಿಸ್, ಬಾ ಒಳಗೆ, ಕಾಫಿ ಆರ್ತಿದೆ...

ಓ.

ಅದು... ಹೆಚ್ಚಿಗೆ ಉಳಿದದ್ದು.

ಮೂರು ಬೆರಳು ತೋರಿಸ್ಬೇಡ. ನೀನು ಮೂರು ಕ್ಯಾನ್ ತಂದು ಕೊಟ್ಟಿದ್ದೆ, ಗೊತ್ತು. ಎರಡರ ಸೀಲೇ ಒಡೆದಿಲ್ಲ, ಕಾಣ್ತಿದೆ ನನಗೂ. ಮೇಜಿನ ಮೇಲೆ ಹಾಗೆ ಸಾಲಾಗಿ ಇಡ್ಬೇಡ, ನೀನೇನು ಪೊಲೀಸಾ?

ಏನಾದ್ರೂ ಅನ್ನು. ಬೈ ಬೇಕಾದ್ರೆ.

...ಸರಿ. ಕೂತ್ಕೋ. ಹೇಳ್ತೀನಿ. ಮರೆತೆ ಕಣೇ. ಅಷ್ಟೇ. ಮರೆತುಬಿಟ್ಟೆ. ಎಪ್ಪತ್ಮೂರು ನನಗೆ. ಇತ್ತೀಚೆಗೆ ಹಾಗೇ ಆಗ್ತಿದೆ. ಹೋದ ವಾರ ಕಾಫಿ ಪಾತ್ರೆ ಒಲೆ ಮೇಲೆ ಬಿಟ್ಟು ಕೊಟ್ಟಿಗೆಗೆ ಹೋದೆ, ತಳ ಸುಟ್ಟು ಕರಕಲು. ನಿನಗೆ ಹೇಳ್ಲಿಲ್ಲ. ಹೇಳಿದ್ರೆ ನೀನು ತಲೆಬಿಸಿ ಮಾಡ್ಕೋತೀಯಾ ಅಂತ. ಒಂದ್ಸಲ ನಿನ್ನತ್ತಿಗೆ ವರ್ನಾ ಸತ್ತಿದಾಳೆ ಅನ್ನೋದೇ ಮರೆತು ಎರಡು ತಟ್ಟೆ ಹಾಕಿದ್ದೆ. ಇದೂ ಹಾಗೇ. ಶುರು ಮಾಡಿದೆ, ಯಾಕೋ ಎದ್ದು ಹೋದೆ, ಆಮೇಲೆ ತಲೇಲೇ ಇಲ್ಲ. ಮುದುಕ ಆದೆ ಕಣೇ ನಿನ್ನ ಅಣ್ಣ.

ಅಳ್ತಿದ್ದೀಯಾ? ಛೆ, ಅಳ್ಬೇಡ. ನಾನೇನು ಇವತ್ತೇ ಸಾಯ್ತೀನಾ? ಕೈ ಬಿಡು, ಕೈಯೆಲ್ಲ ಗ್ರೀಸು. ಅಳ್ಬೇಡ ಅಂದೆ.

ಏಯ್, ಏನ್ ಮಾಡ್ತಿದ್ದೀಯಾ? ಬೀಗದಕೈ ಯಾಕೆ ನನ್ನ ಮುಂದೆ ಇಡ್ತೀಯಾ? ಟ್ರಕ್ಕಿಂದು ಅದು, ನಿನ್ನದು. ಆ ನಕ್ಷೆ ಯಾಕೆ ಕೀಳ್ತಿದ್ದೀಯಾ? ಬೀರು ಬಾಗಿಲಿಗೆ ನೀನು ಎಷ್ಟು ಚೆನ್ನಾಗಿ ಅಂಟಿಸಿದ್ದೆ. ಮಡಿಚ್ಬೇಡ. ಆರ್ಡಿಸ್, ಮಡಿಚ್ಬೇಡ ಅದನ್ನ... ಶನಿವಾರ ಹೊರಡೋಳು ನೀನು. ಹೊರಡಲ್ವಾ? ನನಗೋಸ್ಕರ?

ಅಯ್ಯೋ.

ಅದನ್ನ ಕೆಳಗಿಡು. ಬೀಗದಕೈ ವಾಪಸ್ ಜೇಬಿಗೆ ಹಾಕ್ಕೋ. ಹಾಕ್ಕೋ ಅಂದೆ! ಒಲೆ ಮೇಲೆ ಏನೂ ಸುಡಲಿಲ್ಲ ಕಣೇ. ಎರಡು ತಟ್ಟೆನೂ ಸುಳ್ಳು. ವರ್ನಾ ಹೆಸರಲ್ಲಿ ಸುಳ್ಳು ಹೇಳ್ದೆ, ದೇವರು ನನ್ನ ನಾಲಿಗೆ ಸುಡ್ಲಿ. ನನ್ನ ತಲೆ ಚೆನ್ನಾಗೇ ಇದೆ. ನಿನಗಿಂತ ಚೆನ್ನಾಗಿದೆ.

ಮರೆತವನು ಎಲ್ಲಾನೂ ಮರೀತಾನೆ. ಸಿಂಕಿನ ತೂತಿಗೆ ಒಂದು ಲೋಟ, ಶವರಿನ ತೂತಿಗೆ ಒಂದು ಲೋಟ, ಕಕ್ಕಸಿಗೆ ಒಂದು ಲೋಟ ಅಂತ ಅಳೆದು ಸುರಿಯಲ್ಲ. ನಾನು ಸುರಿದೆ. ನೀನು ಬಂದು ಇಣುಕಿದ್ರೆ ಗುಲಾಬಿ ಕಾಣ್ಲಿ ಅಂತ. ನೀನು ಬಂದು ಇಣುಕಿದೆ ಕೂಡ. "ಥ್ಯಾಂಕ್ಸ್ ಲೊವೆಲ್" ಅಂತ ಆ ರಾತ್ರಿ ಊಟಕ್ಕೆ ನನಗಿಷ್ಟದ ಮಾಂಸದುಂಡೆ ಮಾಡಿದೆ. ನಾನು ತಿಂದೆ. ಎರಡನೇ ಸಲ ಹಾಕಿಸ್ಕೊಂಡು ತಿಂದೆ.

ಅವತ್ತು ನೀನು ಚರ್ಚಿನ ಹೆಂಗಸರ ಜೊತೆ ಆಲೂಗೆಡ್ಡೆ ಲೆಫ್ಸ ರೊಟ್ಟಿ ಲಟ್ಟಿಸೋಕೆ ಹೋಗಿದ್ದೆ. ನಾನು ಬಂದೆ, ಟ್ಯಾಂಕ್ ಖಾಲಿ ಮಾಡಿದೆ, ಹಂಡೆ ಖಾಲಿ ಮಾಡಿದೆ. ಕೈ ತಾನಾಗೇ ಮಾಡುತ್ತೆ ಅಷ್ಟನ್ನ. ಮೊದಲನೇ ಕ್ಯಾನ್ ತೆರೆದು ಇಲ್ಲೇ ಕೂತೆ, ಇದೇ ಜಾಗ. ಎದುರಿಗೆ ಆ ನಕ್ಷೆ. ಕೆಂಪು ಪೆನ್ಸಿಲಲ್ಲಿ ನೀನು ಗೀಟು ಎಳೆದಿದ್ದೆ, ನಮ್ಮ ಮನೆಯಿಂದ ಹಿಡಿದು ಆರೆಗಾನ್ ಸಮುದ್ರದ ತನಕ. ಅರವತ್ತಾರು ವರ್ಷಕ್ಕೆ ಮೊದಲ ಸಲ ಸಮುದ್ರ ನೋಡ್ತೀನಿ ಅಂತಿದ್ದೆ. ಗೀಟು ಅಲ್ಲಿಗೆ ಹೋಗಿ ನಿಂತಿತ್ತು. ವಾಪಸ್ ಬರೋ ಗೀಟು ಎಲ್ಲೂ ಇರಲಿಲ್ಲ. ಹುಡುಕಿದೆ ಕಣೇ. ಕನ್ನಡಕ ಹಾಕ್ಕೊಂಡು ಹುಡುಕಿದೆ.

ಹನ್ನೊಂದು ವರ್ಷ ಅಮ್ಮನ ಮಂಚದ ಪಕ್ಕ ಇದ್ದೆ ನೀನು. ಅಮ್ಮ ಹೋದಳು, ಇನ್ನಾದ್ರೂ ಉಸಿರು ಬಿಡ್ತೀಯಾ ಅನ್ನೋಷ್ಟರಲ್ಲಿ ವರ್ನಾ ಹೋದಳು, ನನ್ನ ತಟ್ಟೆ ನಿನ್ನ ತಲೆಗೆ ಬಂತು. ನಾಲ್ಕು ವರ್ಷದಿಂದ ಅಂಗಳ ದಾಟಿ ಊಟಕ್ಕೆ ಬಿಸಿಬಿಸಿ ಹಾಟ್‌ಡಿಷ್ ತರ್ತಿದ್ದೀಯಾ, ಪಾತ್ರೆಗೆ ಟವೆಲ್ ಸುತ್ತಿ. ಸಂಜೆ ಐದೂವರೆಗೆ ನಿನ್ನ ಬೂಟಿನ ಶಬ್ದ ಕೇಳ್ದೆ ಹೋದ್ರೆ... ನನಗೆ ಭಯ ಆಯ್ತು. ಅಷ್ಟೇ ಕಾರಣ. ದೊಡ್ಡ ಕಾರಣ ಏನೂ ಇಲ್ಲ. ಪೈಪು ಒಡೆದ್ರೆ ಈ ವರ್ಷ ಹೋಗಲ್ಲ, ಮುಂದಿನ ವರ್ಷಕ್ಕೆ ಮನಸ್ಸು ಬದಲಾಗುತ್ತೆ ಅಂದ್ಕೊಂಡೆ.

ಮೂರು ಸಲ ಬಂದೆ, ಸರಿ ಮಾಡೋಣ ಅಂತ. ಡಿಸೆಂಬರಲ್ಲಿ ಹೀಟರ್ ಹೊತ್ಕೊಂಡು ಬಾಗಿಲ ತನಕ ಬಂದೆ. ನೀನು ಅಡುಗೆಮನೆ ಕಿಟಕಿಯಿಂದ ಕೈ ಬೀಸ್ದೆ. ನಾನೂ ಬೀಸಿ ವಾಪಸ್ ಹೋದೆ. ಆ ಕ್ಯಾನುಗಳನ್ನ ಎಸೆದುಬಿಟ್ಟಿದ್ರೆ ನಿನಗೆ ಗೊತ್ತೇ ಆಗ್ತಿರಲಿಲ್ಲ. ಆದ್ರೆ ತುಂಬಿದ ಕ್ಯಾನ್ ಎಸೆಯೋದು ಹೇಗೆ ಹೇಳು? ನಾವು ಒಂದು ಮೊಳೆ ಎಸೆಯದ ಮನೆಯವರು.

ಆರ್ಡಿಸ್?

ನೀನು ಮೊದಲೇ ಕಂಡುಕೊಂಡಿದ್ಯಾ? ಕುರ್ಚಿ ಹಿಂದೆ ನೇರ ಕೈ ಹಾಕ್ದೆ ನೀನು. ಹುಡುಕಲೇ ಇಲ್ಲ. ಯಾವಾಗ ನೋಡ್ದೆ? ...ಇವತ್ತಲ್ಲ. ನಿನ್ನೆನೂ ಅಲ್ಲ. ಹಾಗಿದ್ರೂ ದಿನಾ ಊಟ ತಂದು ಕೊಟ್ಯಾ? ನಾನೇ ಬಾಯಿ ಬಿಡ್ಲಿ ಅಂತ ಕಾಯ್ತಾ? ಇಷ್ಟು ಹೊತ್ತು ನನ್ನನ್ನ... ಮತ್ತೆ ಆ ಅಳು? ಅದು ನನ್ನ ಮುಪ್ಪಿಗೆ ಅಲ್ವಾ? ನಾನು ಇನ್ನೂ ಸುಳ್ಳೇ ಹೇಳ್ತಿದೀನಿ ಅಂತಲಾ ಅತ್ತಿದ್ದು?

ನೋಡ್ಬೇಡ ಹಾಗೆ. ಬೈದಿದ್ರೆ ಚೆನ್ನಾಗಿರ್ತಿತ್ತು.

ಏನಿದು? ಪೈಪು ಕತ್ತರಿಸೋ ಕತ್ತರಿ. ಹೂಂ. ಆಗುತ್ತೆ. ಶೆಡ್ಡಲ್ಲಿ ಪ್ಲಾಸ್ಟಿಕ್ ಪೈಪ್ ಸುರುಳಿ ಇದೆ, ಜೋಡಿಸೋ ತುಂಡುಗಳೂ ಇವೆ. ಇವತ್ತು ಗುರುವಾರ. ಶನಿವಾರ ಬೆಳಿಗ್ಗೆಗೆ ಎಲ್ಲಾ ನಲ್ಲೀಲೂ ನೀರು ಬರುತ್ತೆ, ಒಂದು ಹನಿ ಸೋರಲ್ಲ. ನೀನು ಹೊರಡ್ತೀಯಾ. ಗಾಡಿ ಟ್ರಕ್ಕಿಗೆ ಸಿಗಿಸೋವಾಗ ನಾನೇ ಹಿಂದೆ ನಿಂತು ಕೈ ತೋರಿಸ್ತೀನಿ. ವಾಪಸ್ ಬರೋ ಗೀಟಿನ ಮಾತು ಕೇಳಲ್ಲ. ಕೇಳಲ್ಲ ಕಣೇ.

ಸರಿ, ಬಗ್ತೀನಿ. ಸೊಂಟ ಒಂದು... ಹಾಂ. ಇಲ್ಲಿಂದ ಶುರು ಮಾಡ್ತೀನಿ, ಸಿಂಕಿನ ಕೆಳಗಿಂದ. ಟಾರ್ಚ್ ಹಿಡಿ ಸ್ವಲ್ಪ. ಕತ್ತಲು, ಏನೂ ಕಾಣ್ತಿಲ್ಲ. ಆರ್ಡಿಸ್, ಟಾರ್ಚ್.

...ಹಿಡಿಯಲ್ವಾ?

ಸರಿ. ಸರಿ, ನೆಲದ ಮೇಲೆ ಉರುಳಿಸು ಈ ಕಡೆ. ನಾನೇ ಬಾಯಲ್ಲಿ ಕಚ್ಕೋತೀನಿ.