ಲೇತ್ ಮುಂದೆ ಬಳೆ ಇಲ್ಲದ ಕೈ

...ಕೋಳಿ ಅಂದ್ರೆ ಒಂದಲ್ಲ ಮತ್ತೆ, ಲೇತ್ ತುಂಬ ಕೋಳಿ! ಜಗಳೂರು ಕಡೆ ಸೊಕ್ಕೆ ಐತಲ್ಲ, ಅಲ್ಲೊಬ್ಬರ ಹಿತ್ತಲ ಶೆಡ್ಡಿನಾಗೆ ಬಿದ್ದಿತ್ತು ಆ ಕಬ್ಬಿಣ ಕಡೆಯೋ ಮಷಿನ್ನು. ಕಬ್ಬಿಣದ ಚೂರು ಬೀಳಾಕೆ ಅಂತ ಕೆಳಗೊಂದು ತಟ್ಟೆ ಇರ್ತೈತೆ ನೋಡ್ರಿ, ಅದರಾಗೆ ಒಂದು ಕೋಳಿ ಕಾವಿಗೆ ಕುಂತಿತ್ತು. ನಿಮ್ಮಜ್ಜ ಕೈ ಹಾಕಿದ್ರೆ ಕುಕ್ಕಾಕೆ ಬಂತು. ಮನೆಯೋರು, "ಕಾವಿಗೆ ಕುಂತಿದ್ದನ್ನ ಎಬ್ಬಿಸಬಾರ್ದು ಕಣ್ರಿ, ಮರಿ ಆಗ್ಲಿ, ಆಮ್ಯಾಲೆ ಒಯ್ಯಿರಂತೆ" ಅಂದ್ರು. ಹೂಂ ಅಂತ ವಾಪಸ್ ಬಂದ್ವಿ. ನಗ್ರಿ, ನಗ್ರಿ, ಆವಾಗ ನಮಗೇನು ನಗು ಬರ್ತಿರಲಿಲ್ಲ. ಕೊರೋನಾ ಕಳೆದ ಮ್ಯಾಲಿನ ಮಾತು ಇದು, ನೀವು ಸಣ್ಣೋರು. ನಿಮ್ಮಜ್ಜ ಇದೇ ಹೊನ್ನಾಳಿಯಾಗೆ ಒಂದು ವರ್ಕ್‌ಶಾಪಿನಾಗೆ ಲೇತ್ ಮುಂದೆ ನಿಂತೇ ತಲೆ ಬೆಳ್ಳಗೆ ಮಾಡ್ಕಂಡೋರು. ಶುಗರ್ ಕಣ್ಣಿಗೆ ಇಳೀತು. ಒಂದೇ ಸಲಕ್ಕಲ್ಲ, ಮೊದ್ಲು ಮಬ್ಬು, ಆಮ್ಯಾಲೆ ಎದುರಿಗೆ ನಿಂತೋರ ಮುಖಾನೂ ಗೊತ್ತಾಗ್ತಿರಲಿಲ್ಲ. ಮಾಲೀಕ್ರು ಮೆತ್ತಗೆ, "ಯಜಮಾನ್ರೇ, ಇನ್ನು ಮನೆಯಾಗೆ ಆರಾಮಾಗಿರ್ರಿ" ಅಂದ್ರು. ಆರಾಮಂತೆ, ಆರಾಮು! ಇವರಿಗೆ ಹಠ ಬಂತು. "ನಂದೇ ಒಂದು ಲೇತ್ ಇರ್ಲಿ, ಈ ಕೆಲ್ಸಕ್ಕೆ ಕಣ್ಣು ಬ್ಯಾಡ, ನನ್ನ ಕೈಗೇ ಗೊತ್ತೈತೆ" ಅಂದ್ರು. ಹಂಗೆ ಹುಡ್ಕಂಡು ಹೋಗಿದ್ದು ಸೊಕ್ಕೆಗೆ.

ಅಂತೂ ಮರಿ ಆದ್ವು, ಲೇತ್ ಟ್ರ್ಯಾಕ್ಟರಿನಾಗೆ ಬಂತು. ಓಣಿ ಮಂದಿ ನೋಡಿ, "ಏನ್ರೀ, ಗುಜರಿ ವ್ಯಾಪಾರ ಶುರು ಮಾಡಿದ್ರಾ?" ಅಂದ್ರು. ನಂಗೆ ಸೆರಗು ಮುಖಕ್ಕೆ ಎಳ್ಕಣಂಗೆ ಆತು. ಅಷ್ಟು ತುಕ್ಕು ಹಿಡಿದಿತ್ತು. ಇವರು, "ಡೀಸೆಲ್ ಹಚ್ಚಿ ಎಮೆರಿ ಪೇಪರ್‌ನಾಗೆ ಮೆತ್ತಗೆ ತಿಕ್ಕು, ನೀರು ಮಾತ್ರ ಮುಟ್ಟಿಸ್ಬ್ಯಾಡ" ಅಂತ ಹೇಳಿ ಡಾಕ್ಟ್ರ ಹತ್ರ ಹೋದ್ರು. ನಾನು ಮಹಾ ಬುದ್ಧಿವಂತೆ! ಎಂಥೆಂಥ ಹಿತ್ತಾಳೆ ಕೊಡ ಹೊಳೆಯಂಗೆ ಮಾಡಿದೋಳು, ನಂಗೆ ಹೇಳಿಕೊಡ್ತಾರಾ ಅಂತ ಹುಣಸೆಹಣ್ಣು, ಬೂದಿ ಹಾಕಿ ಗಸಗಸ ತಿಕ್ಕಿ, ಒಂದು ಬಿಂದಿಗೆ ನೀರು ಹುಯ್ದು ತೊಳೆದುಬಿಟ್ಟೆ. ಸಂಜೀಗೆ ಬೆಳ್ಳಿ, ನೋಡಾಕೆ ಎರಡು ಕಣ್ಣು ಸಾಲ್ದು. ಬೆಳಗ್ಗೆ ಎದ್ದು ನೋಡ್ತೀನಿ, ಮೈ ತುಂಬ ಕೆಂಪಗೆ ಹೊಸಾ ತುಕ್ಕು. ಇವರು ಅಂಗೈ ಆಡಿಸಿ ನೋಡಿದ್ರು. "ಏನು ಹಾಕಿದ್ಯೇ?" "ಹುಣಸೆಹಣ್ಣು." "ಲೇತಿಗೆ ಸಾರು ಮಾಡಿದ್ಯಾ?" ಬೈದಿದ್ರೆ ಚೆನ್ನಾಗಿರ್ತಿತ್ತು, ನಕ್ಕುಬಿಟ್ರು, ಅದಕ್ಕೇ ಇನ್ನಷ್ಟು ನಾಚಿಕೆ ಆತು. ಮತ್ತೆ ಮೊದ್ಲಿಂದ ಡೀಸೆಲ್ಲು, ಮತ್ತೆ ತಿಕ್ಕೋದು. ಒಂದೊಂದು ನಟ್ಟೂ ಕೈಯಾಗೇ ತಡವಿ ಬಿಚ್ಚೋರು, ಬಿಚ್ಚಿದ್ದನ್ನ ನನ್ನ ಅಡಿಗೆಮನೆ ಡಬ್ಬಿಯಾಗೆ ಹಾಕೋರು. ಒಗ್ಗರಣೆಗೆ ಅಂತ ಸಾಸಿವೆ ಡಬ್ಬಿ ತೆಗೆದ್ರೆ ಒಳಗೆ ವಾಷರು. ಬೇರಿಂಗ್ ಹೊಸದು ಹಾಕಿಸಿ, ಬೆಲ್ಟ್ ಬದಲಿಸಿ, ಕೊನೀಗೊಂದು ದಿನ ಸ್ವಿಚ್ ಒತ್ತಿದ್ರೆ ಸುಂಯ್ ಅಂತ ತಿರುಗ್ತು.

ತಿರುಗ್ತು, ಆದ್ರೆ ಇವರ ಕೈಗೆ ಗೊತ್ತಿದ್ರೂ ಅಳತೆ ಗೆರೆ ಕಾಣ್ತಿರಲಿಲ್ಲ. ಕಡೆಯಾಕೆ ಹೋದ ಮೊದಲ್ನೇ ಕಬ್ಬಿಣದ ಸರಳು, ಶಾಫ್ಟು ಅಂತಾರೆ, ಕೆಟ್ಟು ಹೋತು. ಕೆಟ್ಟಿದ್ದನ್ನ ತೊಡೆ ಮ್ಯಾಲಿಟ್ಕಂಡು ಉಗುರಾಗೆ ಅದರ ಗೀರು ತಡವಿದ್ರು. ಆಮ್ಯಾಲೆ, "ನೀನು ನಿಲ್ಲೇ, ನಾನು ಹಿಂದೆ ನಿಂತು ಹೇಳ್ತೀನಿ" ಅಂದ್ರು. ಹಂಗೆ ಕಲ್ತೆ ನಾನು. ಕಬ್ಬಿಣ ಕೊರೆಯೋ ಟೂಲು ಕಿರ್ ಅಂದ್ರೆ, "ಜಾಸ್ತಿ ಕೊಟ್ಟೆ, ಹಿಂದಕ್ಕೆ ತಗಾ" ಅನ್ನೋರು. ಕಿವಿಯಾಗೇ ಕೆಲ್ಸ ಮಾಡಿಸೋರು. ಆದ್ರೆ ಒಂದು ಕಂಡೀಷನ್ನು, ಬಳೆ ಹಾಕ್ಕಂಡು ಲೇತ್ ಹತ್ರ ಬರಂಗಿಲ್ಲ. ತಿರುಗೋ ಮಷಿನ್ನು, ಬಳೆ ಸಿಕ್ಕಿದ್ರೆ ಕೈಯೇ ಹೋಗ್ತೈತೆ. ಗಂಡ ಇರೋ ಹೆಂಗಸು ಕೈಯಾಗಿನ ಬಳೆ ತೆಗೀಬೇಕು ಅಂದ್ರೆ ಏನು ಅಂತ ನಿಮಗೆ ಗೊತ್ತಾಗಲ್ಲ ಬಿಡ್ರಿ. ಸೋಪು ಹಚ್ಚಿ ಜಾರಿಸ್ತಾ ಕಣ್ಣೀರು ಹಾಕಿದ್ದೆ. ದೇವರ ಮುಂದೆ ಇಟ್ಟು, ಸೆರಗು ಒಳಗೆ ಸೇರಿಸಿ, ಮ್ಯಾಲೆ ನಿಮ್ಮಜ್ಜನ ಹಳೇ ಅಂಗಿ ಹಾಕ್ಕಂಡು ನಿಲ್ತಿದ್ದೆ. ಹೊರಗಿನೋರಿಗೆ ಮಾತ್ರ ಗುಟ್ಟು. ಗಿರಾಕಿ ಬಂದ್ರೆ ಜಗಲಿ ಮ್ಯಾಲೆ ಕುಂಡ್ರಿಸಿ, ನಡುವಿನ ಬಾಗ್ಲು ಹಾಕಿ, "ಯಜಮಾನ್ರು ಒಳಗೆ ಮಾಡ್ತಾವ್ರೆ" ಅನ್ನೋದು. ಕಣ್ಣಿಲ್ಲದ ಲೇತ್ ಟರ್ನರ್‌ಗೆ ಯಾರು ಕೆಲ್ಸ ಕೊಡ್ತಾರೆ? ಆ ಹೆಸರೊಂದೇ ನಮಗೆ ಅನ್ನ.

ಒಂದಿನ ನಲ್ಲೂರಿನ ಗಿರಾಕಿ, ಅಡಿಕೆ ಸುಲಿಯೋ ಮಷಿನ್ನಿಂದು ಶಾಫ್ಟು ತಂದಿದ್ದ. ನಮ್ಮ ಹಳೇ ಗಿರಾಕಿನೇ. ಜಗಲಿ ಮ್ಯಾಲೆ ಕುಂತಿದ್ದ. ನಾನು ಶಾಫ್ಟು ಅರ್ಧ ಮಾಡಿದ್ದೆ, ಇವರು ಹಿತ್ತಲಿಗೆ ಹೋಗಿದ್ರು. ಅಷ್ಟೊತ್ತಿಗೆ ನ್ಯಾಮತಿಯಿಂದ ಬಂದ್ಲು ನಮ್ಮ ದೂರದ ನೆಂಟ್ರ ಪೈಕಿ ಗಿರಿಜಕ್ಕ, ಮಗಳ ಸೀಮಂತಕ್ಕೆ ಕರೆಯಾಕೆ. ಹೆಂಗಸ್ರು ಜಗಲಿಯಾಗೆ ನಿಲ್ತಾರಾ? ಬಾಗ್ಲು ತಳ್ಕಂಡು ಸೀದಾ ಒಳಗೇ ಬಂದ್ಲು. ನಾನು ಲೇತ್ ನಿಲ್ಲಿಸಿ ತಿರುಗಿದೆ. ಕೈ ಬರಿದು. ಹಣೆ ಬೆವರು ಒರೆಸ್ಕಂಡು ಒರೆಸ್ಕಂಡು ಕುಂಕುಮಾನೂ ಹೋಗಿತ್ತು. ಗಿರಿಜಕ್ಕ ನನ್ನ ಕೈ ನೋಡಿದ್ಲು, ಹಣೆ ನೋಡಿದ್ಲು. ತೆಗೆದಿದ್ದ ಕುಂಕುಮದ ಭರಣಿನ ವಾಪಸ್ ಚೀಲಕ್ಕೆ ಹಾಕಿದ್ಲು. "ಯಾವಾಗ ಆತವ್ವಾ? ನಮಗೊಂದು ಸುದ್ದಿನೂ ಮುಟ್ಟಿಸ್ಲಿಲ್ವಲ್ಲೇ..." ಅಂದ್ಲು. ಅಯ್ಯೋ, ಅವ್ರು ಅದಾರೆ ಕಣಕ್ಕ ಅನ್ನಾಕೆ ಬಾಯಿ ತೆಗೆದೆ. ಹಂಗಂದ್ರೆ, ಮತ್ತೆ ಬಳೆ ಯಾಕಿಲ್ಲ ಅಂತಾಳೆ, ಕೆಲ್ಸ ಮಾಡೋಳು ನಾನು ಅನ್ಬೇಕು, ಜಗಲಿಯಾಗಿರೋನಿಗೆ ಎಲ್ಲ ಕೇಳಿಸ್ತೈತೆ. ತೆಗೆದ ಬಾಯಿ ಮುಚ್ಚಿದೆ. ತಲೆ ತಗ್ಗಿಸಿ ನಿಂತೆ. ಅವಳು ನನ್ನ ತಬ್ಕಂಡು, ಹೆಗಲಿಗೆ ಮುಖ ಒತ್ತಿ, "ಎಂಥ ಮನುಷ್ಯ, ಹಿಂಗೆ ಹೋಗಿಬಿಟ್ನಲ್ಲ" ಅಂತ ಅಳಾಕೆ ಶುರು ಮಾಡಿದ್ಲು. ಆವಾಗ್ಲೂ ನಾನು ಮಾತಾಡ್ಲಿಲ್ಲ ಕಣ್ರೋ.

ಹಿತ್ತಲ ಬಾಗ್ಲಾಗೆ ನಿಂತು ನಿಮ್ಮಜ್ಜ ಎಲ್ಲಾ ಕೇಳಿಸ್ಕಂಡಿದ್ರು. ಗೋಡೆ ಹಿಡ್ಕಂಡು ಬಂದ್ರು. "ಗಿರಿಜಮ್ಮಾ, ಅಳಬ್ಯಾಡ, ನಾನು ಸತ್ತಿಲ್ಲ. ಕಣ್ಣು ಹೋಗ್ಯಾವೆ ಅಷ್ಟೇ. ಇವಳಿಗೆ ಕುಂಕುಮ ಕೊಡು" ಅಂದ್ರು. ಹಂಗೇ ತಡವ್ಕಂಡು ಜಗಲಿಗೆ ಹೋಗಿ ಅವನಿಗೂ ಹೇಳಿದ್ರು: "ನೋಡಪ್ಪ, ನಂಗೆ ಕಣ್ಣು ಕಾಣಾಕಿಲ್ಲ. ವರ್ಷದಿಂದ ನಿನ್ನ ಕೆಲ್ಸ ಮಾಡಿದೋಳು ಇವಳು." ಗಿರಿಜಕ್ಕ ಗಲ್ಲ ಗಲ್ಲ ಬಡ್ಕಂಡು, ಭರಣಿ ತೆಗೆದು ನನ್ನ ಹಣೆಗೆ ಹಚ್ಚಿದ್ಲು, ಗ್ರೀಸು ಕುಂಕುಮ ಎಲ್ಲ ಒಂದೇ ಆತು. ಆ ಗಿರಾಕಿ, "ಮೊದ್ಲೇ ಹೇಳ್ಬಾರ್ದೇನ್ರಿ? ಹೆಂಗಸ್ರು ಮಾಡಿದ್ದು ನಂಗೆ ಬ್ಯಾಡ ಬಿಡ್ರಿ" ಅಂತ ಅರ್ಧ ಆದ ಶಾಫ್ಟು ಎತ್ಕಂಡು ಹೋದ.

ಎಲ್ಲ ಹೋದ ಮ್ಯಾಲೆ ಇವರ ಮ್ಯಾಲೆ ರೇಗಿದೆ ನಾನು. "ಯಾಕೆ ಹೇಳಿದ್ರಿ? ಇನ್ಯಾರು ಬರ್ತಾರೆ ನಮ್ಮ ಬಾಗ್ಲಿಗೆ?" ಅವರು ಜೋರು ಮಾಡ್ಲಿಲ್ಲ. "ಬರೋರು ಬರ್ತಾರೆ, ಬಿಡೋರು ಬಿಡ್ತಾರೆ. ನನ್ನ ಗಂಡ ಕುರುಡ ಅನ್ನೋದಕ್ಕಿಂತ ಸತ್ತ ಅನ್ನೋದು ನಿಂಗೆ ಸುಲಭ ಆತೇನೇ?" ಅಂದ್ರು. ಮಾರನೇ ದಿನದಿಂದ ನಡುವಿನ ಬಾಗ್ಲು ಹಾಕೋದು ಬಿಟ್ಟೆ. ಕೆಲವ್ರು ಬರೋದು ಬಿಟ್ರು, ತ್ಯಾವಣಿಗೆ ಕಡೆಯೋರು ಹೊಸದಾಗಿ ಬಂದ್ರು, ಕೆಲ್ಸ ಹೆಂಗೋ ನಡೀತೈತೆ. ಆದ್ರೆ ಆ ಮಾತು ಇವತ್ತಿಗೂ ಮರೆಯಾಕೆ ಆಗಿಲ್ಲ. ಅದಕ್ಕೇ ಹೇಳ್ತೀನಿ, ಮನೆಯೋರ ಹೆಸರು ಉಳಿಸಾಕೆ ಹೋಗಿ, ಮನೆಯೋರನ್ನೇ ಇಲ್ಲ ಅನ್ನಿಸಬ್ಯಾಡ್ರಿ. ಏಳ್ರಿ ಇನ್ನು, ಮುದ್ದೆ ಆರ್ತೈತೆ.