ಜೇನುಹಟ್ಟಿಯ ಮೂವತ್ತೆಂಟು ಮನಿ

…ಅಲ್ಲವಾ ಕೋಮಲಾ, ನಾ, ಈ ಸಿದ್ಧಲಿಂಗೇಶ್, ಸಹಿ ಹಾಕಿದ ರಿಪೋರ್ಟಿನ ಮ್ಯಾಲೆ ಇನ್ನೊಂದು ರಿಪೋರ್ಟಾ? ನೀ ಬರೀತೀ? ಕೆಲಸಕ್ಕ ಸೇರಿ ಆರ ತಿಂಗಳಾಗಿಲ್ಲ! ಕೂಡು. ಕೂಡೂದಿಲ್ಲ? ಆತು, ನಿಂದರು. ಏಸಿ ಗಾಳಿ ಸ್ವಲ್ಪ ಹತ್ತಲಿ. ಗುಡ್ಡ ಹತ್ತಿ ಇಳದು ಬಂದೀ, ತಲಿ ಕಾದೈತಿ ನಿಂದು.

ಸೋಲಾರ್ ದೀಪಕ್ಕ ರೊಕ್ಕ ಕೊಡೂ ಟ್ರಸ್ಟಿನವರು "ಜೇನುಹಟ್ಟಿ ಇನ್ನೊಮ್ಮೆ ನೋಡ್ರಿ" ಅಂದ್ರಂತ, ನಮ್ಮ ಕಮಲಾಕರ ಸಾಹೇಬ್ರು ಅಂಜಿ ನಿನ್ನ ಕಳಿಸಿದ್ರು. ಹೋದಿ, ನೋಡಿದಿ, ಬಂದಿ. ಏನ ಹೊಸಾದು ಕಂಡಿತು? ಮೂವತ್ತೆಂಟು ಗುಡಿಸಲಾ, ನಾಕು ಆಡು, ಒಂದು ಹಾಳು ಬಾವಿ.

ನಾನೂ ಹೋಗಿದ್ನಲ್ಲಾ ಮಾರ್ಚಿನಾಗ! ಆ ಗುಡ್ಡದ ಮಂದಿಗೆ ತಮಿಳು ಸರಿಯಾಗಿ ಬರೂದಿಲ್ಲ, ಕನ್ನಡ ಮಾತಾಡ್ತಾರ ಅಂತ ಇಡೀ ನುಂಗಂಬಾಕ್ಕಂ ಆಫೀಸಿನಾಗ ನನ್ನ ಹುಡುಕಿ ಕಳಿಸಿದ್ರು. ಕನ್ನಡ! ಅದೊಂದು ಕನ್ನಡಾ? ಎರಡು ದಿನ ಮೀಟರ್ ಹಿಡದು ತಾಸಿಗೊಮ್ಮೆ ಬಿಸಿಲು ಅಳದ್ನಿ. ಸೋಲಾರಿಗೆ ಅಂಥಾ ಜಾಗಾ ಸಿಗೂದಿಲ್ಲ ತಂಗಿ, ಒಪ್ಪತೇನಿ. ಬಿಸಿಲು ಫಸ್ಟ್ ಕ್ಲಾಸ್. ಮಂದಿ ಥರ್ಡ್ ಕ್ಲಾಸ್!

ಯಾಕ ನಗತೀ? ನಗಲಿಲ್ಲ? ಮತ್ತ ತುಟಿ ಯಾಕ ಹಂಗಾತು?

ಪ್ಯಾನೆಲ್ ಬಿಸಿಲಿಗಿಟ್ಟು, ವೈರ್ ಕೊಟ್ಟು, ಬಲ್ಬ್ ಹತ್ತಿಸಿ ತೋರಿಸಿದ್ನಿ. ಹಟ್ಟಿ ಯಜಮಾನ, ಆ ಮುದುಕ ಕಾಂತಪ್ಪ, ಏನ ಕೇಳಬೇಕು? "ಹಗಲೊತ್ತು ದೀಪ ಯಾಕೆ ಸಾಮಿ?" ಅಂತ! ಹಗಲು ತುಂಬಿಕೊಂಡು ರಾತ್ರಿ ಉರೀತೈತೋ ಮಾರಾಯ ಅಂದ್ರ, "ಇದಕ್ಕೆ ಆನೆ ಹೆದರಿ ಓಡ್ತದಾ?" ಅಂದ. ಆನಿ! ಇಂಥಾವರು ತಿಂಗಳಾ ಅರವತ್ತು ರೂಪಾಯಿ ಕಟ್ಟಿ, ಬ್ಯಾಟರಿ ಸಂಭಾಳಿಸ್ತಾರೇನು?

ಕರೆಂಟಿನ ಲೈನ್ ಎಳೀಬೇಕಂದ್ರ ಒಂಬತ್ತು ಕಿಲೋಮೀಟರ್ ಕಾಡು, ಲಕ್ಷಗಟ್ಟಲೆ ರೊಕ್ಕ. ಅದು ಆಗೂ ಮಾತಲ್ಲ. ಸೋಲಾರ್ ಅಗ್ಗ, ಖರೆ. ಆದ್ರ ಮನಿಗೆ ತಿಂಗಳಾ ಇಪ್ಪತ್ತೆರಡು ರೂಪಾಯಿ ರೇಷನ್ ಚಿಮಣಿ ಎಣ್ಣಿ ಸುಡಾವರು ಅರವತ್ತು ಎಲ್ಲಿಂದ ತರ್ತಾರ? "ಈ ಹಟ್ಟಿ ಯೋಜನೆಗೆ ಯೋಗ್ಯವಲ್ಲ" ಅಂತ ಬರದ್ನಿ. ಮುಗೀತು.

ಏನದು, ನಿನ್ನ ನೋಟ್‌ಬುಕ್ಕಾ? ತಾ ಇಲ್ಲೆ… ಓಹೋಹೋ! ಮನಿ ಮನಿ ಹೊಕ್ಕು ಬರದೀ! ತಿಂಗಳಾ ನೂರು, ನೂರಾ ಹತ್ತು… ಇದೇನಿದು? ರೇಷನ್ ಎಣ್ಣಿ ಹತ್ತ ದಿನಕ್ಕ ಮುಗೀತೈತಿ, ಉಳದದ್ದು ಕೆಳಗಿನ ಅಂಗಡಿಯಾಗ ದುಪ್ಪಟ್ಟು ಕೊಟ್ಟು ತರ್ತಾರ… ಹೊಲಾ ಕಾಯಾಕ ಟಾರ್ಚಿನ ಸೆಲ್ಲು ಬ್ಯಾರೆ… ಯಾರು ಹೇಳಿದ್ರು? ಹೆಂಗಸರಾ? ಹೆಂಗಸರನ್ನ ಕೇಳಿ ಬಂದೀಯಾ! ಭೇಷ್!

ನಾ ಕೇಳಲಿಲ್ಲ, ಹೌದು. ಯಾಕ ಕೇಳಬೇಕು? ನಮ್ಮ ಮನಿಗೆ ಎರಡು ತಿಂಗಳಿಗೊಮ್ಮೆ ಬಿಲ್ ಬರತೈತಿ, ಎಷ್ಟಂತ ನನ್ನ ಹೇಂತೀನ್ನ ಕೇಳು. ಆಕಿಗೇ ಗೊತ್ತಿಲ್ಲ. ಅವರಿಗೇನು ಗೊತ್ತಿರತೈತಿ?

ಇಲ್ಲೆ ನೋಡು, ಇಲ್ಲೆ! ಇಪ್ಪತ್ತನಾಕನೇ ಮನಿ. ಎಣ್ಣಿ ಖರ್ಚು… ಏನೂ ಇಲ್ಲ! "ದೀಪ ಹಚ್ಚುವುದಿಲ್ಲ." ಹಹ್ಹಹ್ಹಾ! ಕತ್ತಲದಾಗ ಕುಂದರತಾನಂತ! ಇಂಥಾವಂಗ ಸೋಲಾರ್ ಬೇಕಾ? ಯಾರಿಂವ ಮಹಾರಾಜ… ಚಂದು.

ಚಂದು.

…ಮನಿಯಾಗ ಮಂದಿ, ಒಂದು. ತಪ್ಪು ಬರದೀ ಇದನ್ನ. ಒಂದಲ್ಲ. ಅವಂಗ ಹೇಂತಿ ಅದಾಳ.

ನನಗೆಂಗ ಗೊತ್ತಂದ್ರ… ನೀ ಕೇಳಲಿಲ್ಲ? ಮತ್ತ ಯಾಕ ಹಂಗ ನೋಡ್ತೀ?

ಬಾಗಲಾ ಹಾಕು. ಹಾಕವ್ವಾ.

ಏನ ಹೇಳ್ಯಾರ ಅವರು? ಚಂದು ನನ್ನ ಜೀಪಿಗೆ ಅಡ್ಡ ನಿಂತಿದ್ದು ಹೇಳ್ಯಾರೇನು? ನಿಂತಿದ್ದ. ಎರಡನೇ ದಿನಾ, ಮಧ್ಯಾಹ್ನ, ನಾವು ಹೊಂಟು ನಿಂತಾಗ. "ಹೆಂಡ್ರಿಗೆ ಬೇನೆ ಸುರುವಾಗಿ ಒಂದು ದಿನ ಆಯ್ತು ಸಾಮಿ, ಮಗು ಅಡ್ಡ ಕುಂತದೆ, ಕೆಳಗಿನ ಆಸ್ಪತ್ರೆಗಂಟ ಬಿಟ್ಬುಡಿ" ಅಂದ. ಸೂಲಗಿತ್ತಿ ರತ್ನಾವತಿನೂ ಓಡಿ ಬಂದು ಬಾನೆಟ್ ಮ್ಯಾಲೆ ಕೈ ಇಟ್ಟಳು. ಕೈ… ತೊಳಕೊಂಡಿರಲಿಲ್ಲ ಆಕಿ.

ಹಿಂದಿನ ಸೀಟಿನ ತುಂಬ ಪ್ಯಾನೆಲ್ಲು, ಬ್ಯಾಟರಿ! ಅಷ್ಟೂ ಇಳಿಸಿ ಅಲ್ಲೇ ಬಿಟ್ಟು ಬರಬೇಕು. ಆ ಮಂದಿ ಕೈಯಾಗ! ಕಳದ್ರ ಸಾಹೇಬ್ರು ಯಾರ ಕುತ್ತಿಗಿ ಹಿಡೀತಿದ್ರು? ನಂದ! ಡ್ರೈವರ್ ಶೀನ, ನಮ್ಮ ಪೆರಂಬೂರಿನಾಂವ, ಆಗಲೇ ಇಳದು ಹಿಂದಿನ ಬಾಗಲಾ ತಗದಿದ್ದ. "ಪಾವಂ ಸಾರ್, ಪಾವಂ ಸಾರ್" ಅಂತ, ಪಾಪ ಅಂತ ತಮಿಳಿನಾಗ, ಒಂದ ಸವನ. ಇದು ಆಂಬುಲೆನ್ಸ್ ಅಲ್ಲ ಅಂದ್ನಿ. ಹಂಗ ಅಂದ್ನಿ. ಹತ್ತು, ಹೊಡಿ ಗಾಡಿ ಅಂದ್ನಿ.

ಸ್ವಲ್ಪ ದೂರ ಬೆನ್ನು ಹತ್ತಿ ಓಡಿ ಬಂದ ಚಂದು. ಆಮ್ಯಾಲೆ ಕಾಣಲಿಲ್ಲ.

ಅದಕ್ಕ ಆ ಹಟ್ಟಿ ಬ್ಯಾಡಂತ ಬರದ್ನಿ ಅನ್ನಬ್ಯಾಡ ನೀ! ಲೆಕ್ಕ ಕೂಡಲಿಲ್ಲ, ಬರದ್ನಿ. ಅಷ್ಟ. ಯೋಜನೆ ಪಾಸಾಗಿದ್ರ ನಮ್ಮ ಹುಡುಗೋರು ಅಲ್ಲಿ ತಿಂಗಳಗಟ್ಟಲೆ ಕೆಲಸ ಮಾಡ್ತಿದ್ರು, ಯಾರರ ಬಾಯಿ ಬಿಡ್ತಿದ್ರು, ಇಲ್ಲಿಗೆ ಸುದ್ದಿ ಬರ್ತಿತ್ತು… ಅಲ್ಲಲ್ಲ. ಅದಕ್ಕಲ್ಲ. ಅದಕ್ಕಲ್ಲ ಕೋಮಲಾ.

ಏನರ ಅನ್ನು. ಬೈ ಬೇಕಾದ್ರ.

ತವರಿಗೆ ಹೋಗಿರಬೇಕು ಆಕಿ. ಹೌದಲ್ಲ? ಬಾಣಂತಿ ತವರಿಗೆ ಹೋಗೂದು ಇದ್ದದ್ದ. ಏಪ್ರಿಲ್, ಮೇ, ಜೂನ್, ಜುಲೈ… ಐದನೇ ತಿಂಗಳು ಈಗ. ಐದ ತಿಂಗಳು ಇರತಾರ. ನನ್ನ ಹೇಂತಿನೂ ಇದ್ದಳು, ಹಾವೇರಿಯಾಗ. ಇವತ್ತೋ ನಾಳೆಯೋ ಕೂಸಿನ್ನ ಎತ್ತಿಕೊಂಡು ಗುಡ್ಡ ಹತ್ತಿ ಬರ್ತಾಳ. ನೀ ಹೋದಾಗ ಇರಲಿಲ್ಲ, ಅದಕ್ಕ ಒಂದು ಅಂತ ಬರದೀ. ಹೌದಲ್ಲ? ಕೋಮಲಾ?

ತಗೋ ಪೆನ್ನು. ಅದನ್ನ ಹೊಡದು ಹಾಕಿ ಮೂರು ಅಂತ ಬರಿ. ಸೋಲಾರ್ ಕೊಡಸ್ತೇನಿ, ಎಲ್ಲಾ ಮನಿಗೂ ಕೊಡಸ್ತೇನಿ, ನಾನ ಸಹಿ ಹಾಕತೇನಿ… ಯಾಕ ಅಳತೀ? ಅಳಬ್ಯಾಡ. ಬರಿಯವ್ವಾ. ಮೂರು ಅಂತ ಬರಿ.