ಅನಸವ್ವನ ಕುಂತ ಸಮಾಧಿ

...ನಿದ್ರಾಲಯ? ಅಲ್ಲ... ನಿದ್ರಾಂಗಣ? ಸುಡ್ಲಿ, ನಾಲಿಗಿ ತುದಿಗೇ ಐತಿ, ಬರವಲ್ಲದು! ನಮ್ಮ ಪಾದ್ರಿಯವ್ರು ಸ್ಮಶಾನ ಅನ್ನಗೊಡತಿರಲಿಲ್ಲರಿ. ಹೋಗ್ಲಿ, ಊರವ್ರು ಪಾದ್ರಿ ತ್ವಾಟ ಅಂತಾರ, ನೀವೂ ಹಂಗ ಅನ್ರಿ. ಚಹಾ ತಗೋರಿ ಬಾಳೇಶ ಸಾಹೇಬ್ರ. ಒಂದು ಗೋರಿ ವಿಚಾರಸಾಕ ಜಮಖಂಡಿಯಿಂದ ಮಂಗಳೂರಿನ ಮಟ ಬಂದೀರಿ ಅಂದ್ರ... ನಗಬ್ಯಾಡಬೇ ಪ್ರೀತಿ! ಮೊಮ್ಮಗಳರಿ. ಇದಕ್ಕ ಹೊತ್ತಿಲ್ಲ ಗೊತ್ತಿಲ್ಲ, ನಗು.

ಹ್ಞೂಂರಿ, ಅನಸವ್ವ ನಮ್ಮಕ್ಕ. ನಾ ತಂಗಿ, ಸುವರ್ಣಾ. ಹೋದ ವರ್ಷ ತೀರಿಕೊಂಡ್ಲು, ಪಾಪ. ಹಿಪ್ಪರಗಿ ಕಡೆ ನಮ್ಮ ಊರಾಗ, ಗುಡಿ ಹಿಂದ ಮಣ್ಣು ಮಾಡಿದ್ರು. ಗುಡಿ ಅಂದ್ರ ಚರ್ಚ್ ರಿ. ನಮ್ಮ ಮುತ್ಯಾನ ಕಾಲದಾಗ ನಾಕು ಮನಿ ನೇಕಾರರು ಕಲ್ಲು ಹೊತ್ತು ಕಟ್ಟಿದ್ದು. ಮುಂದ ಕೈಮಗ್ಗ ನಿಂತುವು, ನಮ್ಮವ್ರು ಇಚಲಕರಂಜಿ, ಸೊಲ್ಲಾಪುರ ಅಂತ ಚದುರಿದ್ರು. ಕೀಲಿ ಹೊಳಬಸಪ್ಪನ ಮನ್ಯಾಗ ಉಳೀತು. ಲಿಂಗವಂತರಾಂವ, ಹಣಿ ತುಂಬ ವಿಭೂತಿ, ಆದ್ರ ರವಿವಾರ ತಪ್ಪದ ಗಂಟಿ ಬಾರಸ್ತಾನ. ಯಾಕಂತೀರಿ? ಗಂಟಿ ಕೇಳದಿದ್ರ ಅವನ ಎಮ್ಮಿ ಹಾಲು ಕೊಡೂದಿಲ್ಲರಿ! ಕ್ರಿಸ್‌ಮಸ್ಸಿಗೆ ಏಸುಗ ಹೋಳಿಗಿ ಎಡಿ ಹಿಡೀತಾನ. ತುಪ್ಪನೂ ಹಾಕ್ತಾನ.

ಅಂಥಾ ಗುಡಿ, ತ್ವಾಟ ಎರಡೂ ಕೆಡವಿ ಕಬ್ಬಿನ ಟ್ರ್ಯಾಕ್ಟರಿಗೆ ರಸ್ತೆ ಮಾಡತೇವಿ ಅಂದ್ರು. ಈಗೂ ಹೆಣಾ ಹುಗಿಯೂ ಜಾಗಾ ಇದ್ರ ಬಿಡತೇವಿ, ಹಾಳು ಬಿದ್ದಿದ್ರ ಬಿಡೂದಿಲ್ಲ ಅಂದ್ರು. ಯಾರು ಅಂದವ್ರು? ನಿಮ್ಮ ರಸ್ತೆ ಇಲಾಖೆಯವ್ರೇ ಅಲ್ಲೇನ್ರಿ! ಊರಾಗ ನಮ್ಮವ್ರು ಒಬ್ಬರೂ ಇಲ್ಲ. ಹುಗಿಯಾಕ ಯಾರನ್ನ ತರಬೇಕು? ಹೊಳಬಸಪ್ಪ ತಲಿ ಮ್ಯಾಲ ಕೈ ಹೊತ್ತು ಕುಂತಿದ್ದ. ದೇವರು ದೊಡ್ಡಾವ... ಅಷ್ಟ್ರಾಗ ನಮ್ಮಕ್ಕ ಸತ್ಲು.

ಏನಂದ್ರಿ? ಕುಣಿ ಮೂರ ಫೂಟ ಉದ್ದ ಐತೆ?... ಅದು... ನಮ್ಮಕ್ಕ ಕುಳ್ಳಿ ಇದ್ಲರಿ. ಅಷ್ಟು ಕುಳ್ಳಿ ಯಾರೂ ಇರೂದಿಲ್ಲೇನು? ಛೇ, ಟೇಪ್ ಹಿಡದು ಅಳದೀರೇನು ಮತ್ತ! ಕೇಳ್ರಿಲ್ಲೆ. ತೋಡಿದವ್ರು ಹೊಳಬಸಪ್ಪನ ಮಂದಿ. ಅವ್ರು ಹೆಣಾ ಕೂಡ್ರಿಸಿ ಮಣ್ಣು ಮಾಡವ್ರು. ಮಲಗಸೂ ಕುಣಿ ಅವ್ರಿಗೇನು ಗೊತ್ತು? ತಮ್ಮ ರೂಢಿ ಪ್ರಕಾರ ತೋಡಿದ್ರು, ಅಕ್ಕನ್ನ ಕೂಡ್ರಿಸಿದ್ರು. ಆತು! ಆಕಿಗೇನು ತ್ರಾಸು? ಜೀವಮಾನ ಎಲ್ಲಾ ಕುಣಿಮಗ್ಗದಾಗ ಕಾಲು ಇಳಿಬಿಟ್ಟು ಕುಂತು ಸೀರಿ ನೇಯ್ದಾಕಿ. ಸತ್ತ ಮ್ಯಾಲೂ ಹಂಗ ಕುಂತ್ಲು. ಸೀರಿ ಅಷ್ಟ ಇಲ್ಲ.

ಶಿಲುಬಿಗೆ ವಿಭೂತಿ ಯಾಕ?... ಅಕ್ಕರತಿಲೆ ಹಚ್ಚ್ಯಾರ, ಒರಸಾಕ ಆಗತೈತೇನ್ರಿ?

ಎಷ್ಟು ಚಂದ ಮಾಡಿದ್ರು ಅಂತೀರಿ! ಭಜನಿ ಏನು, ಹೂವು ಏನು! ಎಲ್ಲಾ ವಿಡಿಯೋ ಕಾಲಿನಾಗ ತೋರಿಸಿದ್ರು. ಹೊಳಬಸಪ್ಪನ ಹೇಣ್ತಿ ಭಾಗವ್ವ ಎದಿ ಎದಿ ಬಡಕೊಂಡು ಅತ್ಲು. ನೋಡಿ ನನಗೂ ತಡೀಲಿಲ್ಲ, ನಾನೂ ಅತ್ತೆ. ಕಡೀಕೆ ನಾನ ಅಂದೆ, “ಸಾಕು ಬಿಡ ಭಾಗವ್ವ, ನಿಮ್ಮತ್ತಿ ಸತ್ತಾಗೂ ಇಷ್ಟು ಅತ್ತಿರಲಿಲ್ಲ ನೀ” ಅಂತ. ಅದಕ್ಕ ಆಕಿ ಏನಂದ್ಲು ಗೊತ್ತೇನ್ರಿ? “ಸುಮ್ಮನಿರಬೇ ಅನಸವ್ವ, ಸತ್ತಾಕಿ ನಡುವ ಬಾಯಿ ಹಾಕಬಾರದು!” ಹೀ ಹೀ...

...

ಸಾಹೇಬ್ರ? ಕಪ್ಪು ಯಾಕ ಕೆಳಗಿಟ್ರಿ? ಚಹಾ ಆರತೈತಿ... ಪ್ರೀತಿ, ನೀ ಯಾಕ ತಲಿ ಹಿಡಕೊಂಡಿ?

...ಹ್ಞೂಂ. ಆತು ಬಿಡ್ರಿ.

ಹಂಗ ನೋಡಬ್ಯಾಡ್ರಿ. ನಮ್ಮಪ್ಪ, ನಮ್ಮವ್ವ, ಹೆಸರಿಡೂ ಮೊದಲ ಹ್ವಾದ ನನ್ನ ಕೂಸು, ಎಲ್ಲಾರೂ ಅಲ್ಲೇ ಅದಾರ. ಅವರ ಎದಿ ಮ್ಯಾಲೆ ಟ್ರ್ಯಾಕ್ಟರ್ ಹಾಯೂದಕಿಂತ ನಾ ಸಾಯೂದು ಛಲೋ ಅನ್ನಿಸ್ತು, ಸತ್ತೆ. ಬರೇ ಖಾಲಿ ಕುಣಿ ಮುಚ್ಚಿಸೇನಿ, ಮೋಸ ಎಲ್ಲೈತ್ರಿ ಇದರಾಗ? ಬಸ್ಸಿಗೆ ಕಿಡಕಿಯಿಂದ ಟಾವೆಲ್ ಒಗದು ಸೀಟು ಹಿಡಿಯೂದಿಲ್ಲೇನ್ರಿ ನೀವು? ಟಾವೆಲ್ ಮೊದಲ ಹತ್ತತೈತಿ, ಮನಷ್ಯಾ ಹಿಂದಿಂದ ಹತ್ತತಾನ.

ಬರಿಯೂದಿಲ್ಲ? ಪೆನ್ನು ಕಿಸೇಕ ಹಾಕ್ಕೊಂಡ್ರಿ?... ಪ್ರೀತಿ, ಬಾ ಇಲ್ಲೆ, ನೀ ಬರಕೋ. “ಸತ್ತ ಅನಸವ್ವ ಹೇಳೂದು ಏನಂದ್ರ, ಆ ಜಾಗಾ ನಂದು. ಹಾದ್ಯಾಗ ಅದೇನಿ, ಬರಾಕತ್ತೇನಿ. ಅಲ್ಲೀತನಕ ಯಾರೂ ಸರಸಬ್ಯಾಡ್ರಿ.” ಬರದೇನು?